ವೆಬ್‌ಸೈಟ್ ನಿಮ್ಮದೇ, ಪಹಣಿ ಯಾರ ಹೆಸರಲ್ಲಿದೆ?

ಪ್ರಶ್ನೆ: ಸಾಗರದ ಹತ್ತಿರದ ಹಳ್ಳಿಯವಳು ನಾನು. ಹನ್ನೊಂದು ವರ್ಷದಿಂದ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ ಮಾರುತ್ತಿದ್ದೇನೆ. ಆರ್ಡರ್ ಎಲ್ಲ ವಾಟ್ಸಾಪ್‌ನಲ್ಲೇ ಬರುತ್ತದೆ. ಬೆಂಗಳೂರು, ಮುಂಬೈ ಗಿರಾಕಿಗಳು "ವೆಬ್‌ಸೈಟ್ ಇಲ್ವಾ?" ಅಂತ ಕೇಳುತ್ತಿರುತ್ತಾರೆ. ಪರಿಚಯದ ಹುಡುಗನೊಬ್ಬ 48,000 ರೂಪಾಯಿಯ ಕೊಟೇಶನ್ ಕೊಟ್ಟಿದ್ದಾನೆ. ಡೊಮೇನ್ 3,000, ಹೋಸ್ಟಿಂಗ್ 8,000, ಎಸ್‌ಎಸ್‌ಎಲ್ 4,000, ಡಿಸೈನ್ 25,000, ಎಸ್‌ಇಒ 8,000. ವರ್ಷಕ್ಕೆ 12,000 ಎಎಂಸಿ (ನಿರ್ವಹಣೆ ಶುಲ್ಕ) ಬೇರೆ. ನನಗೆ ಕಂಪ್ಯೂಟರ್ ಬರುವುದಿಲ್ಲ. ಇದು ಸರಿಯಾದ ರೇಟಾ?

ಉತ್ತರ: ರೇಟಿನ ಮಾತು ಆಮೇಲೆ. ಆ ಹುಡುಗನನ್ನು ಕೂರಿಸಿ, ಕಾಫಿ ಕೊಟ್ಟು, ಒಂದೇ ಒಂದು ಪ್ರಶ್ನೆ ಕೇಳಿ: "ಡೊಮೇನ್ ಯಾರ ಹೆಸರಲ್ಲಿ ತಗೊಳ್ತೀಯಪ್ಪಾ?"

ಡೊಮೇನ್ ಅಂದರೆ ನಿಮ್ಮ ವೆಬ್‌ಸೈಟಿನ ವಿಳಾಸ. ಡಾಟ್ ಇನ್, ಡಾಟ್ ಕಾಮ್ ಅಂತ ಮುಗಿಯುತ್ತದಲ್ಲ, ಅದು. ಅದನ್ನು ತೋಟದ ಪಹಣಿ ಅಂತ ತಿಳಿದುಕೊಳ್ಳಿ. ಮನೆ ಕಟ್ಟುವ ಮೇಸ್ತ್ರಿ ನಾಳೆ ಬದಲಾಗಬಹುದು. ಪಹಣಿಯಲ್ಲಿ ಮೇಸ್ತ್ರಿಯ ಹೆಸರಿದ್ದರೆ? ಪಹಣಿಗೂ ಇದಕ್ಕೂ ಒಂದು ವ್ಯತ್ಯಾಸವೂ ಇದೆ. ಡೊಮೇನ್ ಶಾಶ್ವತವಾಗಿ ಸಿಗುವುದಿಲ್ಲ, ವರ್ಷ ವರ್ಷ ದುಡ್ಡು ಕಟ್ಟುತ್ತಿರಬೇಕು. ಕಟ್ಟುವುದು ಮರೆತರೆ ಕೆಲ ದಿನಗಳ ಗಡುವು ಮುಗಿದ ಮೇಲೆ ಯಾರು ಬೇಕಾದರೂ ಅದನ್ನು ಕೊಳ್ಳಬಹುದು.

ನನಗೆ ಪರಿಚಯದ ಹೋಂಸ್ಟೇ ಮಾಲೀಕರೊಬ್ಬರಿದ್ದಾರೆ. ಸೈಟ್ ಮಾಡಿಕೊಟ್ಟವನು ಡೊಮೇನನ್ನು ತನ್ನದೇ ಇಮೇಲ್‌ನಲ್ಲಿ ಕೊಂಡಿದ್ದ. ಎರಡು ವರ್ಷ ಎಲ್ಲ ಚೆನ್ನಾಗಿತ್ತು. ಆಮೇಲೆ ಅವನು ಕೆಲಸ ಸಿಕ್ಕಿ ಬೇರೆ ಊರಿಗೆ ಹೋದ, ಫೋನ್ ನಂಬರ್ ಬದಲಾಯಿತು. ದಸರಾ ರಜೆಗೆ ಹತ್ತು ದಿನ ಇದ್ದಾಗ ಸೈಟ್ ಮಾಯ. ರಿನ್ಯೂವಲ್ ನೆನಪಿಸುವ ಮೇಲ್‌ಗಳೆಲ್ಲ ಅವನ ಹಳೇ ಇನ್‌ಬಾಕ್ಸಿಗೆ ಹೋಗಿ ಬಿದ್ದಿದ್ದವು. ಅವನು ಮೋಸಗಾರನಲ್ಲ, ಮರೆತಿದ್ದ ಅಷ್ಟೇ. ರಸ್ತೆ ಬದಿಯ ಬೋರ್ಡಿನಲ್ಲಿ ಮಾತ್ರ ಆ ವಿಳಾಸ ದೊಡ್ಡ ಅಕ್ಷರದಲ್ಲಿ ಹಾಗೇ ಇತ್ತು.

ಹಾಗಾಗಿ ವ್ಯಾಪಾರಕ್ಕೆಂದೇ ಹೊಸ ಜಿಮೇಲ್ ಮಾಡಿ. ಅದಕ್ಕೆ ನಿಮ್ಮ ಮೊಬೈಲ್ ನಂಬರನ್ನೇ ಜೋಡಿಸಿ. ಡೊಮೇನ್, ಹೋಸ್ಟಿಂಗ್ (ಸೈಟನ್ನು ಇಂಟರ್ನೆಟ್‌ನಲ್ಲಿ ಇಡುವ ಬಾಡಿಗೆ ಜಾಗ), ಪೇಮೆಂಟ್ ಗೇಟ್‌ವೇ (ಸೈಟಿನಲ್ಲಿ ಗಿರಾಕಿಯ ದುಡ್ಡು ಪಡೆದುಕೊಡುವ ಸೇವೆ) ಮೂರೂ ಖಾತೆಗಳನ್ನು ಆ ಜಿಮೇಲ್‌ನಿಂದಲೇ ತೆರೆಯಿರಿ. ದುಡ್ಡು ನಿಮ್ಮ ಕಾರ್ಡಿನಿಂದ ಹೋಗಲಿ, ಬಿಲ್ಲು ನಿಮ್ಮ ಹೆಸರಿಗೆ ಬರಲಿ. ಹುಡುಗ ಪಕ್ಕದಲ್ಲಿ ಕೂತು ಎಲ್ಲಿ ಒತ್ತಬೇಕು ಅಂತ ಹೇಳಲಿ. ಕಂಪ್ಯೂಟರ್ ಬರದಿದ್ದರೂ ಇಷ್ಟು ಸಾಧ್ಯ. ಗ್ಯಾಸ್ ಬುಕ್ ಮಾಡುವುದಕ್ಕಿಂತ ಕಷ್ಟವಿಲ್ಲ.

ಈಗ ಕೊಟೇಶನ್. ಎಸ್‌ಎಸ್‌ಎಲ್‌ಗೆ 4,000 ಯಾಕೆ? ಗಿರಾಕಿ ಸೈಟಿನಲ್ಲಿ ತುಂಬುವ ವಿವರವನ್ನು ದಾರಿಯಲ್ಲಿ ಬೇರೆಯವರು ಓದದಂತೆ ಕಾಯುವುದು ಅದೇ, ಬೇಕೇ ಬೇಕು. ಆದರೆ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಅದನ್ನು ಪುಕ್ಕಟೆ ಕೊಡುತ್ತದೆ. ಹೆಚ್ಚಿನ ಹೋಸ್ಟಿಂಗ್ ಕಂಪನಿಗಳು ಒಂದು ಗುಂಡಿ ಒತ್ತಿದರೆ ಹಾಕಿಕೊಡುತ್ತವೆ. ಆ ಸಾಲು ಹೊಡೆದು ಹಾಕಿ. ಡಾಟ್ ಇನ್ ಡೊಮೇನ್ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. 3,000 ಎಷ್ಟು ವರ್ಷಕ್ಕೆ ಅಂತ ಕೇಳಿ. ಮೊದಲ ವರ್ಷ ಅಗ್ಗ, ಎರಡನೇ ವರ್ಷದಿಂದ ಜಾಸ್ತಿ, ಇದು ಈ ಧಂದೆಯ ಹಳೇ ಪದ್ಧತಿ. ರಿನ್ಯೂವಲ್ ರೇಟ್ ಎಷ್ಟು ಅಂತ ಬರೆಸಿಕೊಳ್ಳಿ. ಎಸ್‌ಇಒ ಅಂದರೆ ಗೂಗಲ್ ಹುಡುಕಾಟದಲ್ಲಿ ಸೈಟ್ ಕಾಣುವಂತೆ ಮಾಡುವ ಕೆಲಸ. ಅದಕ್ಕೆ 8,000 ಅಂದರೆ ಏನೇನು ಮಾಡುತ್ತಾನೆ ಅನ್ನುವ ಪಟ್ಟಿ ಬೇಕು. "ಗೂಗಲ್‌ನಲ್ಲಿ ಫಸ್ಟ್ ಬರಿಸ್ತೀನಿ" ಅಂದರೆ ನಮಸ್ಕಾರ ಹೇಳಿ ಕಳಿಸಿ. ಅದನ್ನು ಯಾರೂ ಗ್ಯಾರಂಟಿ ಕೊಡಲು ಆಗುವುದಿಲ್ಲ. ಡಿಸೈನಿನ 25,000 ಜಾಸ್ತಿಯೋ ಕಡಿಮೆಯೋ ಅನ್ನುವುದು ಅವನು ಮಾಡುವ ಕೆಲಸದ ಮೇಲೆ ನಿಂತಿದೆ. ಬೆಲೆ ಬದಲಿಸುವುದು, ಸ್ಟಾಕ್ ಮುಗಿದರೆ ಗುರುತು ಹಾಕುವುದು, ಇವೆರಡನ್ನು ನಿಮ್ಮ ಮೊಬೈಲಿನಿಂದಲೇ ಮಾಡುವಂತೆ ಕಲಿಸಿಕೊಡಲಿ. ಸೈಟ್ ಕಟ್ಟಲು ಬಳಸುವುದು ವರ್ಡ್‌ಪ್ರೆಸ್ ಆಗಲಿ ಶಾಪಿಫೈ ಆಗಲಿ, ಎರಡರಲ್ಲೂ ಇದು ಸಾಧ್ಯ. ಬೆಲೆ ಐದು ರೂಪಾಯಿ ಏರಿಸಲು ಅವನಿಗೆ ಫೋನ್ ಮಾಡಬೇಕು ಅಂತಾದರೆ ಆ ಎಎಂಸಿ ನಿಮಗೆ ಬೇಡ. ಬ್ಯಾಕಪ್ ತೆಗೆಯುವುದು, ಅಪ್‌ಡೇಟ್ ಮಾಡುವುದು ಇದ್ದರೆ ಕೊಡಿ.

ಇನ್ನು ಬರಹ. ಇದನ್ನು ದಯವಿಟ್ಟು ಯಾರಿಗೂ ಗುತ್ತಿಗೆ ಕೊಡಬೇಡಿ. ಅವರು "ಪ್ರೀತಿಯಿಂದ ತಯಾರಿಸಿದ ಸಾಂಪ್ರದಾಯಿಕ ರುಚಿ" ಅಂತ ಬರೆದುಕೊಡುತ್ತಾರೆ. ಅದು ಎಲ್ಲ ಉಪ್ಪಿನಕಾಯಿ ಬಾಟಲಿ ಮೇಲೂ ಇದೆ. ನೀವು ಫೋನಿನಲ್ಲಿ ಗಿರಾಕಿಗೆ ಹೇಳುವುದನ್ನೇ ಬರೆಯಿರಿ: "ಜೀರಿಗೆ ವಾಸನೆಯ ಮಿಡಿ. ಎಣ್ಣೆ ಹಾಕಿಲ್ಲ. ಶಿವರಾತ್ರಿ ಹೊತ್ತಿಗೆ ಕೊಯ್ದದ್ದು. ಒದ್ದೆ ಚಮಚ ಹಾಕಬೇಡಿ." ಪೇಟೆಯಲ್ಲಿ ಕೂತು ಮಿಡಿಯ ಸೊನೆ ವಾಸನೆಗೆ ಹಂಬಲಿಸುವವನಿಗೆ ಈ ನಾಲ್ಕು ಸಾಲು ಸಾಕು. ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ ನಿಜ, ಆದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಜಿಐ ಲೋಗೋ ಹಾಕಬೇಡಿ. ಫೋಟೋಕ್ಕೆ ಸ್ಟುಡಿಯೋ ಬೇಡ. ಬೆಳಗ್ಗೆ ಜಗಲಿಯ ಬೆಳಕು, ಒಂದು ಬಿಳಿ ಪಂಚೆ, ನಿಮ್ಮ ಮೊಬೈಲ್, ಸಾಕು. ಸೈಟಿಗೆ ಹಾಕುವಾಗ ಮಾತ್ರ ಫೋಟೋದ ಗಾತ್ರ ಇಳಿಸಬೇಕು. ಐದು ಎಂಬಿ ಫೋಟೋ ಹತ್ತು ಇದ್ದರೆ ನಿಮ್ಮೂರಿನ ನೆಟ್‌ವರ್ಕ್‌ನಲ್ಲಿ ಸೈಟ್ ತೆರೆಯುವಷ್ಟರಲ್ಲಿ ಹಾಲು ಉಕ್ಕಿರುತ್ತದೆ.

ಪೇಮೆಂಟ್ ಗೇಟ್‌ವೇ ಬೇಕಾದರೆ ಪ್ಯಾನ್, ಬ್ಯಾಂಕ್ ಖಾತೆಯ ವಿವರ ಕೇಳುತ್ತಾರೆ. ಸೈಟಿನಲ್ಲಿ ರಿಫಂಡ್, ಶಿಪ್ಪಿಂಗ್, ಪ್ರೈವಸಿ ನಿಯಮಗಳ ಪುಟಗಳು, ಫೋನು, ವಿಳಾಸ ಇದೆಯಾ ಅಂತಲೂ ನೋಡುತ್ತಾರೆ. ಸಾಮಾನ್ಯವಾಗಿ ಪ್ರತಿ ಪಾವತಿಗೆ ಶೇಕಡ 2ರಷ್ಟು ಮುರಿದುಕೊಳ್ಳುತ್ತಾರೆ, ಆ ಶುಲ್ಕದ ಮೇಲೆ ಶೇಕಡ 18 ಜಿಎಸ್‌ಟಿ. 2020ರ ಇ-ಕಾಮರ್ಸ್ ಗ್ರಾಹಕ ನಿಯಮಗಳ ಪ್ರಕಾರ ದೂರು ಕೇಳುವವರ ಹೆಸರು, ನಂಬರೂ ಸೈಟಿನಲ್ಲಿ ಇರಬೇಕು. ದೂರು ಬಂದರೆ 48 ಗಂಟೆಯೊಳಗೆ "ಸಿಕ್ಕಿದೆ" ಅಂತ ತಿಳಿಸಬೇಕು. ಆ ಹೆಸರು ನಿಮ್ಮದೇ ಆದರೂ ಆಯಿತು. ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರನ್ನೂ ಮರೆಯಬೇಡಿ.

ಮುಂಬೈ ಅಂದಿರಲ್ಲ, ಅಲ್ಲೊಂದು ಗಂಟಿದೆ. ಕರ್ನಾಟಕದೊಳಗೆ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವ ತನಕ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ತೆರಿಗೆ ಬೀಳುವ ಸರಕನ್ನು ಬೇರೆ ರಾಜ್ಯಕ್ಕೆ ಕಳಿಸಿದರೆ ಆ ಮಿತಿ ಅನ್ವಯಿಸುವುದಿಲ್ಲ, ಮೊದಲ ಬಾಟಲಿಗೇ ನೋಂದಣಿ ಬೇಕು. ಸೈಟಿನ ಹುಡುಗ ಇದನ್ನು ಹೇಳುವುದಿಲ್ಲ, ಅದು ಅವನ ಕೆಲಸವೂ ಅಲ್ಲ. ಆಡಿಟರ್ ಹತ್ತಿರ ಮಾತಾಡಿ. ಅಲ್ಲಿಯ ತನಕ ಕರ್ನಾಟಕದ ಪಿನ್‌ಕೋಡ್‌ಗಳಿಗೆ ಮಾತ್ರ ಆರ್ಡರ್ ತಗೊಳ್ಳುವ ಹಾಗೆ ಸೈಟಿನಲ್ಲಿ ಹೊಂದಿಸಬಹುದು.

ಪ್ರಶ್ನೆ: ಇಳಕಲ್ ಸೀರೆ ಅಂಗಡಿ ನಮ್ಮದು. ಡಿಟಿಪಿ ಸೆಂಟರ್‌ನಲ್ಲಿ ಟೈಪ್ ಮಾಡಿಸಿದ ಕನ್ನಡ ಮ್ಯಾಟರನ್ನು ವೆಬ್‌ಸೈಟಿಗೆ ಹಾಕಿದರೆ ಮೊಬೈಲಿನಲ್ಲಿ ಏನೇನೋ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಸೈಟ್ ಮಾಡಿದವರು ಇಂಗ್ಲಿಷಿನಲ್ಲೇ ಇರಲಿ ಬಿಡಿ ಅನ್ನುತ್ತಾರೆ.

ಉತ್ತರ: ಬಿಡಬೇಡಿ. ಡಿಟಿಪಿಯವರು 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾರೆ. ಅದರಲ್ಲಿ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಫಾಂಟ್ ಇಲ್ಲದ ಮೊಬೈಲಿನಲ್ಲಿ ವೇಷ ಕಳಚುತ್ತದೆ. ಗೂಗಲ್‌ಗೂ ಅದು ಕನ್ನಡ ಅಂತ ಗೊತ್ತಾಗುವುದಿಲ್ಲ. ಮ್ಯಾಟರನ್ನು ಯೂನಿಕೋಡ್‌ಗೆ (ಎಲ್ಲ ಮೊಬೈಲಿಗೂ ಅರ್ಥವಾಗುವ ಅಕ್ಷರ ಪದ್ಧತಿಗೆ) ಬದಲಿಸಿಕೊಡಿ ಅಂತ ಡಿಟಿಪಿಯವರಿಗೇ ಹೇಳಿ, ಅದಕ್ಕೆ ಕನ್ವರ್ಟರ್‌ಗಳಿವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿ ಬಂದಿದೆಯಾ ಅಂತ ಒಮ್ಮೆ ಓದಿ. ಪರೀಕ್ಷೆ ಸುಲಭ. ಸೈಟಿನಿಂದ "ಟೋಪ ತೆನಿ ಸೆರಗು" ಅಂತ ಕಾಪಿ ಮಾಡಿ ವಾಟ್ಸಾಪ್‌ಗೆ ಪೇಸ್ಟ್ ಮಾಡಿ. ಅಲ್ಲೂ ಕನ್ನಡವೇ ಬಂದರೆ ಗೆದ್ದಿರಿ. ಕಾಪಿಯೇ ಆಗದಿದ್ದರೆ ಸೈಟ್ ಮಾಡಿದವರು ಅಕ್ಷರವನ್ನು ಚಿತ್ರ ಮಾಡಿ ಅಂಟಿಸಿದ್ದಾರೆ, ಅದೂ ಬೇಡ. ಇಂಗ್ಲಿಷ್ ಪುಟವೂ ಜೊತೆಗಿರಲಿ, ಹೊರರಾಜ್ಯದವರು ಹುಡುಕುವುದು ಅದರಲ್ಲೇ.

ಪ್ರಶ್ನೆ: ಮೈಸೂರಿನಲ್ಲಿ ಬ್ಲೌಸ್ ಹೊಲಿಗೆ ಬೊಟೀಕ್ ಇದೆ. ಇನ್‌ಸ್ಟಾಗ್ರಾಮ್‌ನಲ್ಲಿ 14 ಸಾವಿರ ಫಾಲೋವರ್ಸ್ ಇದ್ದಾರೆ. ವೆಬ್‌ಸೈಟ್ ಬೇಕೇ ಬೇಕಾ?

ಉತ್ತರ: ಈಗಲೇ ಬೇಡ. ಅಳತೆ ಕೊಡಲು ಗಿರಾಕಿ ಅಂಗಡಿಗೇ ಬರಬೇಕಲ್ವಾ? ಹಾಗಾಗಿ ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಹುಡುಕಾಟದಲ್ಲಿ, ಮ್ಯಾಪ್‌ನಲ್ಲಿ ಕಾಣುವ ನಿಮ್ಮ ಅಂಗಡಿಯ ವಿವರ, ಸರಿ ಮಾಡಿ. ಪುಕ್ಕಟೆ. ಸಮಯ, ಫೋನು, ರಜಾ ದಿನ, ಹತ್ತು ಒಳ್ಳೆ ಫೋಟೋ. ಪುಕ್ಕಟೆ ಸಿಕ್ಕಿದ್ದನ್ನೇ ನಂಬಿ ಕೂರಬೇಡಿ, ಅಷ್ಟೇ. ಇದೇ ಪ್ರೊಫೈಲ್ ಜೊತೆ ಗೂಗಲ್ ಮೊದಲು ಒಂದು ಸಣ್ಣ ವೆಬ್‌ಸೈಟನ್ನೂ ಕೊಡುತ್ತಿತ್ತು, 2024ರ ಮಾರ್ಚಿನಲ್ಲಿ ಅದನ್ನು ನಿಲ್ಲಿಸಿಬಿಟ್ಟಿತು. ಬೊಟೀಕಿನ ಹೆಸರಿನ ಡೊಮೇನ್ ಮಾತ್ರ ಈ ವಾರವೇ ಕೊಂಡಿಡಿ. ಸದ್ಯಕ್ಕೆ ಅದನ್ನು ಒತ್ತಿದರೆ ಇನ್‌ಸ್ಟಾಗ್ರಾಮ್ ಪುಟ ತೆರೆಯುವ ಹಾಗೆ ಮಾಡಿಕೊಳ್ಳಬಹುದು. ವಿಸಿಟಿಂಗ್ ಕಾರ್ಡಿನಲ್ಲಿ ಆ ವಿಳಾಸವನ್ನೇ ಅಚ್ಚು ಹಾಕಿಸಿ. ಮುಂದೆ ಸೈಟ್ ಮಾಡಿಸಿದಾಗ ಕಾರ್ಡ್ ಬದಲಿಸುವ ಖರ್ಚು ಉಳಿಯುತ್ತದೆ.