ಆಪರೇಷನ್ ಆದ ಮೇಲೆ ಸಿಆರ್‌ಪಿ 92: ಅಪ್ಪನನ್ನು ಮನೆಗೆ ಕರೆದೊಯ್ಯಬಹುದಾ?

ಪ್ರಶ್ನೆ: ಅಪ್ಪನಿಗೆ 64 ವರ್ಷ. ದೊಡ್ಡ ಕರುಳಿನ ಗೆಡ್ಡೆ ತೆಗೆದು, ಕರುಳನ್ನು ಮತ್ತೆ ಜೋಡಿಸಿದ್ದಾರೆ. ಎರಡನೇ ದಿನ ಸಿಆರ್‌ಪಿ (ಗಾಯ, ಸೋಂಕು ಆದಾಗ ರಕ್ತದಲ್ಲಿ ಏರುವ ಪ್ರೋಟೀನ್) 168 ಬಂತು, ನಾಲ್ಕನೇ ದಿನ 92. ರಿಪೋರ್ಟ್‌ನಲ್ಲಿ 5ಕ್ಕಿಂತ ಕಡಿಮೆ ಇರಬೇಕು ಅಂತಿದೆ. ಆದರೂ ಡಾಕ್ಟರು ನಾಳೆ ಡಿಸ್ಚಾರ್ಜ್ ಅಂತಿದ್ದಾರೆ. ನಮಗೆ ಧೈರ್ಯ ಬರುತ್ತಿಲ್ಲ.

ಉತ್ತರ: ಆ 5ರ ಲೆಕ್ಕ ಆರಾಮಾಗಿ ಓಡಾಡಿಕೊಂಡಿರುವವರದು. ಹೊಟ್ಟೆ ಕೊಯ್ದು ಕರುಳು ಹೊಲಿದ ಮೇಲೆ ಸಿಆರ್‌ಪಿ ಏರದಿದ್ದರೇ ಆಶ್ಚರ್ಯ. ಗಾಯವಾದ ಸುದ್ದಿ ಲಿವರ್‌ಗೆ ಮುಟ್ಟುತ್ತದೆ, ಲಿವರ್ ಈ ಪ್ರೋಟೀನನ್ನು ರಕ್ತಕ್ಕೆ ಸುರಿಯುತ್ತದೆ. ಎರಡು-ಮೂರನೇ ದಿನ ಅದು ತುದಿ ಮುಟ್ಟಿ, ಆಮೇಲೆ ಇಳಿಯಬೇಕು. ಲಿವರ್ ತಯಾರಿ ನಿಲ್ಲಿಸಿದರೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ. ಅಪ್ಪನದು ಅಷ್ಟು ಜೋರಾಗಿ ಇಳಿದಿಲ್ಲ, ಗಾಯ ಇನ್ನೂ ಮಾಯುತ್ತಿದೆಯಲ್ವಾ! ಆದರೆ ದಾರಿ ಸರಿಯಾಗಿದೆ.

ಕರುಳಿನ ಆಪರೇಷನ್‌ನಲ್ಲಿ ನಮ್ಮ ನಿದ್ದೆ ಕೆಡಿಸುವುದು ಜೋಡಿಸಿದ ಜಾಗ ಸೋರುವುದು. ಮೂರು-ನಾಲ್ಕನೇ ದಿನವೂ ಸಿಆರ್‌ಪಿ 150ರ ಆಸುಪಾಸಿಗಿಂತ ಮೇಲೇ ಇದ್ದರೆ, ಅಥವಾ ಇಳಿದದ್ದು ಮತ್ತೆ ಏರಿದರೆ, ನಾವು ಹೊಟ್ಟೆ ಮುಟ್ಟಿ ನೋಡುತ್ತೇವೆ, ಬೇಕೆನಿಸಿದರೆ ಸಿಟಿ ಸ್ಕ್ಯಾನ್ ಮಾಡಿಸುತ್ತೇವೆ. ಜಾಸ್ತಿ ಇದ್ದ ಮಾತ್ರಕ್ಕೆ ಸೋರಿಕೆಯೇ ಅಂತಲ್ಲ. ನ್ಯುಮೋನಿಯಾ, ಮೂತ್ರದ ಸೋಂಕು, ಹೊಲಿಗೆಯಲ್ಲಿ ಕೀವು, ಯಾವುದಕ್ಕೂ ಇದು ಏರುತ್ತದೆ. ಹಾಗಾಗಿ ಈ ಟೆಸ್ಟ್ ಕಾಯಿಲೆ ಹಿಡಿದುಕೊಡುವುದಕ್ಕಿಂತ 'ಸದ್ಯಕ್ಕೆ ಅಪಾಯ ಕಾಣುತ್ತಿಲ್ಲ' ಅಂತ ಹೇಳುವುದರಲ್ಲೇ ಗಟ್ಟಿ. ಪ್ರೋಕ್ಯಾಲ್ಸಿಟೋನಿನ್ ಅಂತ ಇನ್ನೊಂದಿದೆ, ಬ್ಯಾಕ್ಟೀರಿಯಾ ಸೋಂಕಿನ ಅನುಮಾನಕ್ಕೆ. ದುಬಾರಿ. ಸುಮ್ನೆ ಎಲ್ಲರಿಗೂ ಬರೆಯುವುದು ನನಗೆ ಒಪ್ಪಿಗೆಯಿಲ್ಲ.

ಅಪ್ಪನಿಗೆ ಹೃದಯದ ಕಾಯಿಲೆ ಇದ್ದರೆ ಟ್ರೋಪೋನಿನ್ (ಹೃದಯಕ್ಕೆ ಪೆಟ್ಟಾದರೆ ರಕ್ತದಲ್ಲಿ ಏರುವ ಪ್ರೋಟೀನ್) ನೋಡಿದ್ದಾರಾ ಕೇಳಿ. ಆಪರೇಷನ್ ನಂತರದ ಹೃದಯದ ಪೆಟ್ಟು ಬಹಳ ಜನರಲ್ಲಿ ಎದೆನೋವನ್ನೇ ಕೊಡುವುದಿಲ್ಲ. ರಕ್ತದಲ್ಲಿ ಮಾತ್ರ ಕಾಣುತ್ತದೆ.

ಜ್ವರವಿಲ್ಲ, ನಾಡಿ ಶಾಂತವಾಗಿದೆ, ಊಟ ಸೇರುತ್ತಿದೆ, ಗಾಳಿ ಹೋಗುತ್ತಿದೆ ಅಂದರೆ ನಿಮ್ಮ ಡಾಕ್ಟರ ಮಾತು ನನಗೂ ಸರಿಯೇ ಅನಿಸುತ್ತದೆ. ಸೋರಿಕೆ ಒಂದು ವಾರದ ನಂತರವೂ ಆಗಬಹುದು. ಹೊಟ್ಟೆನೋವು ಹೆಚ್ಚಿದರೆ, ಹೊಟ್ಟೆ ಉಬ್ಬಿದರೆ, ವಾಂತಿ, ಚಳಿಜ್ವರ ಬಂದರೆ ರಿಪೋರ್ಟ್‌ಗೆ ಕಾಯದೆ ವಾಪಸ್ ಬನ್ನಿ.

ಊರಿನ ಲ್ಯಾಬ್‌ನಲ್ಲಿ ಮತ್ತೆ ಮಾಡಿಸಿದರೆ ಯೂನಿಟ್ ನೋಡಿ. ಲೀಟರ್ ಲೆಕ್ಕದ 92 ಮಿಲಿಗ್ರಾಂ, ಡೆಸಿಲೀಟರ್ ಲೆಕ್ಕದಲ್ಲಿ 9.2. ಅಷ್ಟು ಇಳಿಯಿತು ಅಂತ ಸಿಹಿ ಹಂಚಬೇಡಿ, ಅದು ಅದೇ ಪ್ರಮಾಣ.