ಬಿಕ್ಕಳಿಕೆ, ಮಂಜಾದ ಕಣ್ಣು, ಜೋಮು ಹಿಡಿದ ಕಾಲು: ಎಲ್ಲ ಒಂದೇ ಕಾಯಿಲೆಯೇ?

ಪ್ರಶ್ನೆ: ನನ್ನ ತಂಗಿಗೆ 34 ವರ್ಷ. ಕಳೆದ ವರ್ಷ ಎರಡು ವಾರ ಬಿಡದೆ ಬಿಕ್ಕಳಿಕೆ, ವಾಂತಿ ಇತ್ತು. ಗ್ಯಾಸ್ ಅಂತ ಮದ್ದು ಕೊಟ್ಟರು, ನಿಂತಿತು. ಈ ಮಳೆಗಾಲದಲ್ಲಿ ಬಲಗಣ್ಣು ಮಂಜಾಯಿತು, ಮತ್ತೆ ಸೊಂಟದ ಕೆಳಗೆ ಜೋಮು. ಮಂಗಳೂರಿನಲ್ಲಿ ಸ್ಟೀರಾಯ್ಡ್ ಡ್ರಿಪ್ ಹಾಕಿದರು. ರಕ್ತ ಪರೀಕ್ಷೆಯಲ್ಲಿ ಎನ್‌ಎಂಒ ಎಂದು ಬಂತು. ಈಗ ಅಡಿಕೆ ಸುಲಿಯಲೂ ಕೂರುತ್ತಾಳೆ. ಗುಣವಾಯಿತಲ್ಲ, ಮಾತ್ರೆ ಯಾಕೆ ಅನ್ನುತ್ತಾಳೆ. ನಿಲ್ಲಿಸಬಹುದೇ? ಇದು ಎಂಎಸ್ ಕಾಯಿಲೆಯೇ?
– ಓದುಗರೊಬ್ಬರು, ಪೆರ್ಲ, ಕಾಸರಗೋಡು

ಉತ್ತರ: ನಿಲ್ಲಿಸಬೇಡಿ. ಉಳಿದದ್ದೆಲ್ಲ ಆಮೇಲೆ.

ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬುದೇ ಎನ್‌ಎಂಒ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ಕಣ್ಣಿನ ನರ ಮತ್ತು ಬೆನ್ನುಹುರಿಯ ಮೇಲೇ ತಿರುಗಿಬೀಳುತ್ತದೆ. ಅಲ್ಲಿ ನೀರು ಒಳಹೊರಗೆ ಹೋಗಲು ಬಿಡುವ ಅಕ್ವಾಪೋರಿನ್-4 ಎಂಬ ಪ್ರೋಟೀನ್ ಇದೆ. ಹೆಚ್ಚಿನವರಲ್ಲಿ ಅದರ ವಿರುದ್ಧವೇ ಆಂಟಿಬಾಡಿ ಹುಟ್ಟಿರುತ್ತದೆ. ಮಿದುಳಿನ ಬುಡದಲ್ಲಿ ವಾಂತಿ ಬರಿಸುವ ಜಾಗದಲ್ಲೂ ಈ ಪ್ರೋಟೀನ್ ಜಾಸ್ತಿ. ಹಾಗಾಗಿ ಕಳೆದ ವರ್ಷದ ಬಿಕ್ಕಳಿಕೆ ಗ್ಯಾಸ್ ಅಲ್ಲ, ಇದರದ್ದೇ ಮೊದಲ ದಾಳಿ ಇದ್ದೀತು. ವೈದ್ಯರಿಗೆ ಅದನ್ನು ಖಂಡಿತ ಹೇಳಿ.

ಎಂಎಸ್ ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ಮಿದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ. ಅದು ಬೇರೆ. ಹಿಂದೆ ಎರಡನ್ನೂ ಒಂದೇ ಜಾತಿಗೆ ಸೇರಿಸುತ್ತಿದ್ದರು. 2004ರಲ್ಲಿ ಈ ಆಂಟಿಬಾಡಿ ಪತ್ತೆಯಾದ ಮೇಲೆ ದಾರಿ ಬೇರೆಯಾಯಿತು. ಹೆಸರಿನ ಜಗಳ ಅಲ್ಲ ಇದು: ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್‌ನಂಥ ಕೆಲವು ಔಷಧಗಳಿಂದ ಎನ್‌ಎಂಒ ಉಲ್ಬಣಿಸಬಹುದು. ಬೇರೆ ಯಾವ ಡಾಕ್ಟರರ ಹತ್ತಿರ ಹೋದರೂ ಫೈಲು ಕೈಯಲ್ಲಿರಲಿ.

ಈಗ ಮಾತ್ರೆ ಯಾಕೆ ಅಂದರೆ, ಈ ಕಾಯಿಲೆ ಸುಮ್ನೆ ಕೂತಿರುತ್ತದೆ, ಮತ್ತೆ ಎರಗುತ್ತದೆ. ಪ್ರತಿ ದಾಳಿಯೂ ಒಂದಿಷ್ಟು ಹಾನಿ ಉಳಿಸಿಯೇ ಹೋಗಬಹುದು. ಅಜಥಯೋಪ್ರಿನ್, ಮೈಕೋಫಿನೋಲೇಟ್, ರಿಟುಕ್ಸಿಮ್ಯಾಬ್ ಇವೆಲ್ಲ ಮುಂದಿನ ದಾಳಿ ತಡೆಯಲಿಕ್ಕೆ. ಸ್ಟೀರಾಯ್ಡ್ ಮಾತ್ರೆಯನ್ನಂತೂ ತಟ್ಟನೆ ಬಿಡುವುದು ಅಪಾಯ. ಗರ್ಭ ಧರಿಸುವ ಯೋಚನೆ ಇದ್ದರೆ ಮೊದಲೇ ತಿಳಿಸಬೇಕು, ಮೈಕೋಫಿನೋಲೇಟ್ ಮಗುವಿಗೆ ಆಗದು.

ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಭಾನುವಾರದ ಕೆಂಪು ಅಂಕಿಯನ್ನು ಒಂದೊಂದೇ ಕಣ್ಣು ಮುಚ್ಚಿ ನೋಡಲಿ. ಹಿಂದಿಗಿಂತ ಕೆಂಪು ಮಸುಕಾದರೆ, ಕಣ್ಣು ಹೊರಳಿಸುವಾಗ ನೋವಾದರೆ, ತಡ ಮಾಡಬೇಡಿ. ಬಿಸಿಲಿಗೋ ಜ್ವರಕ್ಕೋ ಸ್ವಲ್ಪ ಹೊತ್ತು ಮಂಜಾಗಿ ತಣಿದ ಮೇಲೆ ಸರಿಹೋಗುವುದುಂಟು, ಅದು ಹೊಸ ದಾಳಿ ಅಲ್ಲ. ಹೊಸ ಜೋಮು, ಮೂತ್ರ ಕಟ್ಟುವುದು, ನಿಲ್ಲದ ಬಿಕ್ಕಳಿಕೆ ಕಂಡರೆ ಒಂದು ದಿನ ದಾಟಲು ಬಿಡದೆ ಆಸ್ಪತ್ರೆಗೆ ಹೋಗಿ. ಬೇಗ ಹೋದರೆ ಡ್ರಿಪ್ಪಿಗೆ ಬಗ್ಗದಿದ್ದರೂ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಬದಲಾಯಿಸುವ ಚಿಕಿತ್ಸೆಗೆ ಸಮಯ ಸಿಗುತ್ತದೆ.

ಅಂದ ಹಾಗೆ, ಇದು ಅಂಟುವ ರೋಗವಲ್ಲ. ತಟ್ಟೆ ಲೋಟ ಬೇರೆ ಇಡುವುದೇನೂ ಬೇಡ.