ಅಕ್ವೇರಿಯಂನ ಬಿರುಗೂದಲು ಹುಳು ಮುಟ್ಟಿದರೆ ಕೈ ಯಾಕೆ ಉರಿಯುತ್ತದೆ?

ಬಳ್ಳಾರಿಯ ನಿಮ್ಮ ಮನೆಯ ಉಪ್ಪುನೀರಿನ ಅಕ್ವೇರಿಯಂಗೆ ಹವಳದ ಕಲ್ಲಿನ ಜೊತೆ ಬಂದ ಹುಳು ಮುಟ್ಟಿ ಬೆರಳು ಉರಿಯುತ್ತಿದೆ ಎಂದಿದ್ದೀರಿ. ಅದು ಕಚ್ಚಿದ್ದಲ್ಲ, ಅದರ ಬಿರುಗೂದಲು ಚರ್ಮಕ್ಕೆ ಚುಚ್ಚಿ ಒಳಗೇ ಮುರಿದಿದೆ. ಪೆಸಿಫಿಕ್‌ನ ಹವಳದ ದಿಬ್ಬಗಳಲ್ಲಿ ಸಿಗುವ, ಬಿರುಗೂದಲು ಹುಳುಗಳದೇ ಒಂದು ಬಗೆಯಾದ ಬೆಂಕಿಹುಳುಗಳ ಕೂದಲಿನಲ್ಲಿ ಸುಣ್ಣದ ಅಂಶವಿರುತ್ತದೆ, ಹಾಗಾಗಿ ಗಾಜಿನಂತೆ ಪಟ್ಟನೆ ಮುರಿಯುತ್ತದೆ. ನಮ್ಮ ಹೊಲದ ಬದುವಿನ ಪಾಪಾಸುಕಳ್ಳಿಯ ಸಣ್ಣ ಮುಳ್ಳಿನ ಹಾಗೆಯೇ: ತಿಕ್ಕಿದಷ್ಟೂ ಒಳಗೆ ಇಳಿಯುತ್ತದೆ. ದಯವಿಟ್ಟು ತಿಕ್ಕಬೇಡಿ. ಸೆಲ್ಲೋಟೇಪ್ ಒತ್ತಿ ಕಿತ್ತೆಳೆಯಿರಿ, ಪ್ರತಿ ಸಲವೂ ಹೊಸ ತುಂಡು. ಆಮೇಲೆ ವಿನೆಗರ್ ಹಚ್ಚಿ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಹುಳುವನ್ನು ಕೊಲ್ಲಬೇಡಿ, ಮೀನು ತಿಂದುಳಿದದ್ದನ್ನು ತಿಂದು ತೊಟ್ಟಿಯನ್ನು ಶುಚಿಯಾಗಿಡುವುದು ಇಂಥವೇ. ಕೈಗವಸಿಲ್ಲದೆ ಆ ಕಲ್ಲು ಮುಟ್ಟದಿದ್ದರಾಯಿತು.